ವಾರ್ಡೊ ಎಂಬ ಊರನ್ನು ಸಮುದ್ರದ ಕಡೆಯಿಂದ ಓದುವುದು ಹೇಗೆ

ಮೊದಲು ಒಂದು ಭೂಪಟ ತೆರೆಯಿರಿ. ಮೊಬೈಲಿನಲ್ಲಾದರೂ ಸರಿ. ನಾರ್ವೆಯ ರಾಜಧಾನಿ ಓಸ್ಲೋದ ಮೇಲೆ ಬೆರಳಿಟ್ಟು ಕರಾವಳಿ ಹಿಡಿದು ಮೇಲಕ್ಕೆ ಹೋಗಿ. ದೇಶ ಸಣ್ಣದಾಗುತ್ತಾ ಹೋಗುತ್ತದೆ, ಆಮೇಲೆ ಸ್ವೀಡನ್ ಮತ್ತು ಫಿನ್‌ಲ್ಯಾಂಡಿನ ತಲೆಯ ಮೇಲೆ ಹೊದಿಕೆ ಹೊದಿಸಿದ ಹಾಗೆ ಬಲಕ್ಕೆ ಬಾಗುತ್ತದೆ. ಆ ಬಾಗಿದ ತುದಿಯಲ್ಲಿ ವರಾಂಗರ್ ಎಂಬ ಪರ್ಯಾಯ ದ್ವೀಪ. ಅದರ ತುದಿಯಲ್ಲಿ, ನೆಲದಿಂದ ಬಿಟ್ಟುಹೋದ ಒಂದು ಚೂರು. ಅದೇ ವಾರ್ಡೊ. 70 ಡಿಗ್ರಿ 22 ನಿಮಿಷ ಉತ್ತರ, 31 ಡಿಗ್ರಿ ಪೂರ್ವ. ಇಸ್ತಾಂಬುಲ್‌ಗಿಂತ, ಸೇಂಟ್ ಪೀಟರ್ಸ್‌ಬರ್ಗ್‌ಗಿಂತ ಇದು ಪೂರ್ವಕ್ಕಿದೆ. ನಾರ್ವೆ ಎಂದರೆ ಯುರೋಪಿನ ಪಶ್ಚಿಮದ ದೇಶ ಎಂದು ಶಾಲೆಯಲ್ಲಿ ಓದಿದವರಿಗೆ ಇದನ್ನು ನಂಬಲು ಸ್ವಲ್ಪ ಹೊತ್ತು ಬೇಕು.

ಈಗ ಎರಡನೇ ಕೆಲಸ. ಓಸ್ಲೋವನ್ನು ಪರದೆಯಿಂದ ಆಚೆ ತಳ್ಳಿಬಿಡಿ. ಬಾರೆಂಟ್ಸ್ ಸಮುದ್ರವನ್ನು ನಡುವೆ ತನ್ನಿ. ಬಲಗಡೆ ರಷ್ಯಾದ ಕೋಲಾ ಪರ್ಯಾಯ ದ್ವೀಪ, ಅದರ ಹಿಂದೆ ಬಿಳಿ ಸಮುದ್ರ, ಅರ್ಖಾಂಗೆಲ್ಸ್ಕ್ ಬಂದರು. ಎಡಗಡೆ ಅಟ್ಲಾಂಟಿಕ್. ಓಸ್ಲೋ ಇಲ್ಲಿಂದ ಹಕ್ಕಿ ಹಾರುವ ದಾರಿಯಲ್ಲೇ ಸುಮಾರು 1500 ಕಿ.ಮೀ., ಮುರ್ಮನ್ಸ್ಕ್ 200 ಕಿ.ಮೀ. ಕೂಡ ಇಲ್ಲ. ಈ ಭೂಪಟದಲ್ಲಿ ವಾರ್ಡೊ ಮೂಲೆಯಲ್ಲಿಲ್ಲ, ದಾರಿಯ ಮಧ್ಯದಲ್ಲಿದೆ. ಈ ಊರಿನ ಬಗ್ಗೆ ಓದುವುದಿದ್ದರೂ ಅಲ್ಲಿಗೇ ಹೋಗುವುದಿದ್ದರೂ ಈ ಎರಡನೇ ಭೂಪಟವನ್ನೇ ಇಟ್ಟುಕೊಳ್ಳಿ ಎನ್ನುವುದು ನನ್ನ ಮುಖ್ಯ ಸಲಹೆ. ಕೋಟೆ, ಹಿಟ್ಟು, ಬೆಂಕಿ, ರಡಾರ್, ಇಲ್ಲಿಯ ಎಲ್ಲವೂ ಸಮುದ್ರದ ಕಡೆಯಿಂದ ನೋಡಿದಾಗಲೇ ಅರ್ಥವಾಗುತ್ತವೆ.

ಹೆಸರು ಹೇಳುವುದನ್ನು ಕಲಿಯಿರಿ. ಕೊನೆಯ ಅಕ್ಷರ ಕನ್ನಡದಲ್ಲಿ ಇಲ್ಲ. ‘ಒ’ ಎನ್ನುವಾಗ ತುಟಿ ದುಂಡಗಾಗುತ್ತಲ್ಲ, ತುಟಿಯನ್ನು ಹಾಗೇ ಇಟ್ಟುಕೊಂಡು ‘ಎ’ ಎನ್ನಿ, ಹತ್ತಿರ ಬರುತ್ತದೆ. ಆ ಒಂದು ಸ್ವರಕ್ಕೆ ನಾರ್ವೇಜಿಯನ್ ಭಾಷೆಯಲ್ಲಿ ದ್ವೀಪ ಎಂದರ್ಥ. ಮುಂದಿನ ಭಾಗ, ವಾರ್ಡ್, ದಾರಿ ತೋರಿಸಲು ಪೇರಿಸಿಟ್ಟ ಕಲ್ಲುಗುಡ್ಡೆ. ಊರಿಗೆ ಇನ್ನೂ ಎರಡು ಹೆಸರುಗಳಿವೆ. ಉತ್ತರದ ಮೂಲನಿವಾಸಿಗಳಾದ ಸಾಮಿ ಜನ ವಾರ್ಗಾತ್ ಎನ್ನುತ್ತಾರೆ, ಫಿನ್‌ಲ್ಯಾಂಡಿನ ಕಡೆಯಿಂದ ಬಂದು ಈ ಕರಾವಳಿಯಲ್ಲಿ ನೆಲೆಸಿದ ಕ್ವೆನ್ ಜನ ವುವೊರೆಯಾ ಎನ್ನುತ್ತಾರೆ. ಮೂರು ಹೆಸರನ್ನೂ ಬರೆದಿಟ್ಟುಕೊಳ್ಳಿ. ಹಳೆಯ ದಾಖಲೆ ಹುಡುಕುವಾಗ ಒಂದೇ ಹೆಸರು ಹಿಡಿದು ಕೂತರೆ ಅರ್ಧ ಕಥೆ ಕೈತಪ್ಪುತ್ತದೆ.

ಅಂಕಿ ಅಂಶ ಬೇಕಾದವರಿಗೆ ಒಂದು ಎಚ್ಚರಿಕೆ. ವಾರ್ಡೊ ಎಂದರೆ ಊರೂ ಹೌದು, ‘ಕೊಮ್ಯೂನೆ’ಯೂ ಹೌದು. ಕೊಮ್ಯೂನೆ ಅಂದರೆ ನಾರ್ವೆಯ ಸ್ಥಳೀಯ ಆಡಳಿತದ ಘಟಕ. ಶಾಲೆ, ವೃದ್ಧರ ಆರೈಕೆ, ನೀರು ಎಲ್ಲ ಅದರದ್ದೇ ಹೊಣೆ. ಹಳ್ಳಿಗಳ ಆಡಳಿತ 1964ರಲ್ಲಿ ಊರಿನ ಜೊತೆ ಸೇರಿತು. ಹಾಗಾಗಿ ಈಗ ವಿಸ್ತೀರ್ಣ ಸುಮಾರು 600 ಚದರ ಕಿ.ಮೀ., ಹೆಚ್ಚಿನ ಭಾಗ ಎದುರಿನ ಮುಖ್ಯ ನೆಲದಲ್ಲಿದೆ. ಜನಸಂಖ್ಯೆ ಮಾತ್ರ 2 ಸಾವಿರದ ಆಸುಪಾಸು. 1964ಕ್ಕಿಂತ ಹಿಂದಿನ ಅಂಕಿಯನ್ನು ಇಂದಿನದಕ್ಕೆ ಹೋಲಿಸುವಾಗ ಯಾವುದು ಊರಿನದು, ಯಾವುದು ಇಡೀ ಕೊಮ್ಯೂನೆಯದು ಎಂದು ನೋಡಿಕೊಳ್ಳಿ. ಕೊಮ್ಯೂನೆಯ ಸರ್ಕಾರಿ ಸಂಖ್ಯೆಯೂ ಬದಲಾಗಿದೆ. ವಾರ್ಡೊ ಇರುವ ಫಿನ್‌ಮಾರ್ಕ್ ಜಿಲ್ಲೆಯನ್ನು 2020ರಲ್ಲಿ ಪಕ್ಕದ ಟ್ರೊಮ್ಸ್ ಜೊತೆ ಸೇರಿಸಿದರು, ಜನ ಒಪ್ಪಲಿಲ್ಲ, 2024ರ ಜನವರಿ 1ಕ್ಕೆ ಮತ್ತೆ ಬೇರೆ ಮಾಡಿದರು. ಹಾಗಾಗಿ 2002, 5404, 5634 ಎಂಬ ಮೂರು ಸಂಖ್ಯೆಗಳಲ್ಲೂ ಇದೇ ವಾರ್ಡೊ ಸಿಗುತ್ತದೆ. ಮೊದಲನೆಯದು ಇಸವಿಯ ಹಾಗೆ ಕಾಣುತ್ತದೆ, ಮೋಸ ಹೋಗಬೇಡಿ.

ನೆಲದ ವಿಷಯಕ್ಕೆ ಬರೋಣ. ಉಪಗ್ರಹ ಚಿತ್ರ ನೋಡಿ. ದ್ವೀಪ ಚಿಟ್ಟೆಯ ಹಾಗೆ ಕಾಣುತ್ತದೆ. ಎರಡು ರೆಕ್ಕೆ, ನಡುವೆ ಸಣ್ಣ ಸೊಂಟ. ಊರು ಕೂತಿರುವುದು ಆ ಸೊಂಟದಲ್ಲಿ. ಅಲ್ಲಿ ಎರಡು ಬದಿಗೂ ಬಂದರು ಸಿಗುತ್ತದೆ, ಒಂದು ಕಡೆ ಗಾಳಿ ಜೋರಾದರೆ ಇನ್ನೊಂದು ಕಡೆ ದೋಣಿ ತರಬಹುದು. ಮರಗಳಿಲ್ಲ. ಬೇಸಿಗೆಯ ಜುಲೈನಲ್ಲೂ ಸರಾಸರಿ ಶಾಖ 10 ಡಿಗ್ರಿಯ ಹತ್ತಿರವೇ ಇರುತ್ತದೆ, ಮರ ಬೆಳೆಯಲು ಅದು ಸಾಲುವುದಿಲ್ಲ. ಚಳಿಗಾಲ ಮಾತ್ರ ನೀವು ಹೆದರಿದಷ್ಟು ಇರುವುದಿಲ್ಲ. ಫೆಬ್ರವರಿಯ ಸರಾಸರಿ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗೆ, ಅಷ್ಟೇ. ಇದೇ ಅಕ್ಷಾಂಶದ ಸೈಬೀರಿಯಾ ಇದಕ್ಕಿಂತ ಎಷ್ಟೋ ಪಾಲು ತಣ್ಣಗೆ. ಅಟ್ಲಾಂಟಿಕ್‌ನಿಂದ ಬರುವ ಬೆಚ್ಚನೆಯ ನೀರು ಈ ಕರಾವಳಿಯನ್ನು ತಬ್ಬಿಕೊಂಡು ಹರಿಯುತ್ತದೆ, ಅದಕ್ಕೇ ಬಂದರು ಹೆಪ್ಪುಗಟ್ಟುವುದಿಲ್ಲ. ಹೆಪ್ಪುಗಟ್ಟದ ಬಂದರು ಇದ್ದಿದ್ದಕ್ಕೇ ಮೀನುಗಾರರು ಬಂದರು, ಮೀನುಗಾರರಿದ್ದ ಕಡೆ ತೆರಿಗೆ ಕೇಳುವ ರಾಜ ಬಂದ, ರಾಜ ಬಂದ ಮೇಲೆ ಕೋಟೆ ಬಂತು.

ಯಾವಾಗ ಹೋಗಬೇಕು? ಬೆಳಕನ್ನು ನೋಡಿ ತೀರ್ಮಾನಿಸಿ. ನವೆಂಬರ್ ಕೊನೆಯ ವಾರದಿಂದ ಜನವರಿ 20ರ ಆಸುಪಾಸಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಮುಳುಗುವುದಿಲ್ಲ. ಹಕ್ಕಿಗಳಿಗಾಗಿ ಹೋಗುವುದಾದರೆ ಏಪ್ರಿಲ್‌ನಿಂದ ಜುಲೈ. ಇತಿಹಾಸಕ್ಕಾಗಿಯೇ ಹೋಗುವುದಾದರೆ ಜೂನ್ ಒಳ್ಳೆಯದು, ವಸ್ತುಸಂಗ್ರಹಾಲಯಗಳು ತೆರೆದಿರುತ್ತವೆ, ರಾತ್ರಿ ಹನ್ನೊಂದಕ್ಕೂ ನಡೆದಾಡಬಹುದು. ಫೋಟೋ ತೆಗೆಯುವವರು ಗಡಿಯಾರವನ್ನು ನಂಬಬೇಡಿ. ಇಲ್ಲಿ ಗಡಿಯಾರ ಓಸ್ಲೋದ ಸಮಯಕ್ಕೆ ನಡೆಯುತ್ತದೆ, ಸೂರ್ಯ ಮಾತ್ರ ಒಂದು ಗಂಟೆ ಮುಂದಿರುತ್ತಾನೆ. ಚಳಿಗಾಲದ ಸಮಯದಲ್ಲಿ ನಿಜವಾದ ನಡುಹಗಲು ಹನ್ನೊಂದು ಗಂಟೆಯ ಹೊತ್ತಿಗೇ. ಜನವರಿಯಲ್ಲಿ ಹೋದರೆ ಹನ್ನೆರಡಕ್ಕೆ ಎದ್ದು ಹೊರಟವರಿಗೆ ಇದ್ದ ಸ್ವಲ್ಪ ಬೆಳಕೂ ಇಳಿಯತೊಡಗಿರುತ್ತದೆ.

ತಲುಪಲು ಮೂರು ದಾರಿ. ಎದುರಿನ ನೆಲದ ಸ್ವಾರ್ಟ್‌ನೆಸ್‌ನಲ್ಲಿ ಸಣ್ಣ ವಿಮಾನ ನಿಲ್ದಾಣ ಇದೆ. ಕರಾವಳಿಯುದ್ದಕ್ಕೂ ಓಡುವ ಹುರ್ಟಿಗ್ರುಟೆನ್ ಹಡಗು ಬಂದರಿಗೆ ಬರುತ್ತದೆ, ಆದರೆ ಉತ್ತರದ ಕಡೆ ಹೋಗುವ ಹಡಗು ಬರುವುದು ನಸುಕಿಗೂ ಮೊದಲು, ಅದನ್ನು ನೋಡಿಕೊಂಡೇ ವಸತಿ ಕಾಯ್ದಿರಿಸಿ. ಮೂರನೆಯದು ರಸ್ತೆ, ನನಗೆ ಇದೇ ಹೆಚ್ಚು ಇಷ್ಟ. ಇ75 ಎಂಬ ಯುರೋಪಿನ ಹೆದ್ದಾರಿಯ ಒಂದು ತುದಿ ವಾರ್ಡೊ, ಇನ್ನೊಂದು ತುದಿ ಗ್ರೀಸಿನ ಕ್ರೀಟ್ ದ್ವೀಪದ ಸಿತಿಯಾ. ಎರಡು ತುದಿಯಲ್ಲೂ ದ್ವೀಪ! ಫಿನ್‌ಲ್ಯಾಂಡ್ ದಾಟಿ ಬಂದು ವಾಡ್ಸೊ ಪಟ್ಟಣದಿಂದ ಕೊನೆಯ 75 ಕಿ.ಮೀ. ಸಮುದ್ರದ ಪಕ್ಕದಲ್ಲೇ ಬರುತ್ತೀರಿ, ಕೊನೆಗೆ ರಸ್ತೆ ನೆಲದೊಳಗೆ ಇಳಿಯುತ್ತದೆ. ಸುಮಾರು 2.9 ಕಿ.ಮೀ. ಉದ್ದ, ಸಮುದ್ರ ಮಟ್ಟಕ್ಕಿಂತ 88 ಮೀಟರ್ ಆಳ. 1982ರಲ್ಲಿ ತೆರೆದ ಇದು ನಾರ್ವೆಯಲ್ಲಿ ಸಮುದ್ರದಡಿ ವಾಹನಗಳಿಗೆ ಮಾಡಿದ ಮೊದಲ ಸುರಂಗ. ಅದಕ್ಕೂ ಮೊದಲು ಎಲ್ಲರೂ ದೋಣಿಯಲ್ಲೇ ದಾಟಬೇಕಿತ್ತು.

ಊರಿಗೆ ಬಂದ ಮೇಲೆ ಮೊದಲು ಕೋಟೆಗೆ ಹೋಗಿ. ವಾರ್ಡೊಹುಸ್ ಎಂದು ಹೆಸರು. ಇಲ್ಲಿ ಮೊದಲ ಕೋಟೆ ಎದ್ದದ್ದು 1300ರ ನಂತರದ ಮೊದಲ ವರ್ಷಗಳಲ್ಲಿ, ರಾಜ ಐದನೇ ಹಾಕೊನ್ ಕಾಲದಲ್ಲಿ. 1307ರಲ್ಲಿ ಆರ್ಚ್‌ಬಿಷಪ್ ಬಂದು ಚರ್ಚನ್ನು ಪ್ರತಿಷ್ಠೆ ಮಾಡಿದರು. ಪೂರ್ವದಲ್ಲಿ ರಷ್ಯನ್ನರ ನೊವ್‌ಗೊರೊದ್ ರಾಜ್ಯ, ಪಶ್ಚಿಮದಲ್ಲಿ ನಾರ್ವೆ, ನಡುವೆ ಗಡಿಯೇ ಇಲ್ಲದ ನೆಲ. ಇಬ್ಬರೂ ಸಾಮಿ ಜನರಿಂದ ತೆರಿಗೆ ಎತ್ತುತ್ತಿದ್ದರು. ಇಲ್ಲಿಯವರೆಗೆ ನಮ್ಮದು ಎಂದು ಹೇಳಲು ಕೋಟೆ ಮತ್ತು ಚರ್ಚು ಬೇಕಿತ್ತು. ನೀವು ಈಗ ನೋಡುವ ನಕ್ಷತ್ರದ ಆಕಾರದ ಕೋಟೆ ಮಾತ್ರ 1734ರಿಂದ 1738ರ ನಡುವೆ ಕಟ್ಟಿದ್ದು. ಹಳೆಯ ಕಥೆಗಳನ್ನು ಓದಿ ಬಂದವರು ಈ ಗೋಡೆಗಳಲ್ಲೇ ಅವನ್ನು ಹುಡುಕುತ್ತಾರೆ, ಸಿಗುವುದಿಲ್ಲ. ಅಂಗಳದಲ್ಲಿರುವ ರೋವನ್ ಮರವನ್ನು ತಪ್ಪದೆ ನೋಡಿ. ಮರವಿಲ್ಲದ ಊರಿನಲ್ಲಿ ಅದನ್ನು ಮಗುವಿನ ಹಾಗೆ ಸಾಕುತ್ತಾರೆ, ಚಳಿಗಾಲ ಬಂದರೆ ಸುತ್ತಿ ಕಟ್ಟುತ್ತಾರೆ. ಜನವರಿಯಲ್ಲಿ ಸೂರ್ಯನ ಇಡೀ ಬಿಂಬ ಕೋಟೆಯ ಗೋಡೆಯಿಂದ ಮೊದಲ ಸಲ ಕಾಣಿಸಿದ ದಿನ ತೋಪು ಹಾರಿಸುತ್ತಾರೆ, ಮಕ್ಕಳಿಗೆ ಶಾಲೆಗೆ ರಜೆ. ಊರಿನ ಲಾಂಛನದ ಲ್ಯಾಟಿನ್ ಮಾತೂ ಇದನ್ನೇ ಹೇಳುತ್ತದೆ: ಕತ್ತಲು ಸೂರ್ಯನಿಗೆ ದಾರಿ ಬಿಡಲಿ.

ಕೋಟೆಯಿಂದ ಬಂದರಿಗೆ ಇಳಿದು ಪೊಮೊರ್ ಮ್ಯೂಸಿಯಂಗೆ ಹೋಗಿ. ಇಲ್ಲಿ ನಿಧಾನ ಮಾಡಿ. ಪೊಮೊರ್ ಎಂದರೆ ಬಿಳಿ ಸಮುದ್ರದ ದಡದ ರಷ್ಯನ್ನರು, ಹೆಸರಿನ ಅರ್ಥವೇ ಸಮುದ್ರದ ಪಕ್ಕದವರು ಎಂದು. ಬೇಸಿಗೆಯಲ್ಲಿ ಅವರು ರೈ ಎಂಬ ಧಾನ್ಯದ ಹಿಟ್ಟು ತುಂಬಿಕೊಂಡು ಬರುತ್ತಿದ್ದರು, ಮೀನು ತುಂಬಿಕೊಂಡು ಹೋಗುತ್ತಿದ್ದರು. ಒಂದು ಧಾನ್ಯವೂ ಬೆಳೆಯದ ಕರಾವಳಿ ಇದು. ನೆಪೋಲಿಯನ್ ಯುದ್ಧದ ಸಮಯದಲ್ಲಿ ಬ್ರಿಟಿಷರು ದಕ್ಷಿಣದ ಸಮುದ್ರ ಮಾರ್ಗ ಮುಚ್ಚಿ ನಾರ್ವೆಯಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದಾಗ ಉತ್ತರದ ಮನೆಗಳಲ್ಲಿ ರೊಟ್ಟಿ ಆಗಿದ್ದು ಪೂರ್ವದಿಂದ ಬಂದ ಈ ಹಿಟ್ಟಿನಿಂದ. 1789ರಲ್ಲಿ ವಾರ್ಡೊಗೆ ಪಟ್ಟಣದ ಹಕ್ಕು ಸಿಕ್ಕಿತು. ವ್ಯಾಪಾರ ಬೆಳೆದ ಹಾಗೆ ಎರಡೂ ಕಡೆಯವರು ಸೇರಿ ಒಂದು ಭಾಷೆಯನ್ನೇ ಮಾಡಿಕೊಂಡರು, ರುಸ್ಸೆನಾರ್ಸ್ಕ್ ಎಂದು. ಕೆಲವು ನೂರು ಪದಗಳಷ್ಟೇ. ‘ಮೋಯಾ ಪೊ ತ್ವೋಯಾ’ ಎಂದು ಅದಕ್ಕೆ ಇನ್ನೊಂದು ಹೆಸರು, ಅಂದರೆ ‘ನಾನು ನಿನ್ನ ಮಾತಿನಲ್ಲಿ’. ಪ್ರತಿಯೊಬ್ಬನೂ ತಾನು ಇನ್ನೊಬ್ಬನ ಭಾಷೆ ಆಡುತ್ತಿದ್ದೇನೆ ಎಂದುಕೊಂಡು ಮಾತನಾಡುತ್ತಿದ್ದ. ಇದಕ್ಕಿಂತ ಒಳ್ಳೆಯ ಹೆಸರನ್ನು ಯಾವ ಭಾಷೆಗೂ ಇಟ್ಟಿದ್ದು ನಾನು ಕೇಳಿಲ್ಲ. 1917ರ ಕ್ರಾಂತಿಯ ನಂತರ ಈ ವ್ಯಾಪಾರ ನಿಂತಿತು, ಭಾಷೆಯೂ ಅದರ ಜೊತೆ ಹೋಯಿತು.

ಅದೇ ಬಂದರಿನಲ್ಲಿ ನಿಂತು ಇನ್ನು ಮೂರು ವರ್ಷಗಳನ್ನು ನೆನಪಿಸಿಕೊಳ್ಳಿ. 1553ರಲ್ಲಿ ಏಷ್ಯಾಕ್ಕೆ ಉತ್ತರದ ದಾರಿ ಹುಡುಕಲು ಹೊರಟ ಇಂಗ್ಲಿಷ್ ಹಡಗುಗಳು ಚದುರಿದರೆ ವಾರ್ಡೊಹುಸ್‌ನಲ್ಲಿ ಸೇರೋಣ ಎಂದು ಮಾತಾಗಿತ್ತು. ಬಿರುಗಾಳಿಗೆ ಚದುರಿದವು. ರಿಚರ್ಡ್ ಚಾನ್ಸಲರ್ ಇಲ್ಲಿ ಒಂದು ವಾರ ಕಾದು, ಯಾರೂ ಬಾರದೆ, ಬಿಳಿ ಸಮುದ್ರಕ್ಕೆ ಹೋಗಿ ಮಾಸ್ಕೋ ಮುಟ್ಟಿದ. ಹ್ಯೂ ವಿಲ್ಲೋಬಿ ಮತ್ತು ಅವನ ಜನ ಕೋಲಾ ಕರಾವಳಿಯ ಚಳಿಗಾಲದಲ್ಲಿ ಸತ್ತರು. ಎರಡನೆಯದು 1769. ಜೂನ್ 3ರಂದು ಶುಕ್ರ ಗ್ರಹ ಸೂರ್ಯನ ಮುಖದ ಮೇಲೆ ಹಾದು ಹೋಗುವುದಿತ್ತು, ಆದರೆ ಯುರೋಪಿನಲ್ಲಿ ಆಗ ರಾತ್ರಿ. ರಾತ್ರಿಯೂ ಸೂರ್ಯ ಇರುವ ಜಾಗ ಬೇಕಿತ್ತು. ವಿಯೆನ್ನಾದ ಖಗೋಳಜ್ಞ ಮ್ಯಾಕ್ಸಿಮಿಲಿಯನ್ ಹೆಲ್ ವಾರ್ಡೊಗೆ ಬಂದು ಅದನ್ನು ಕಂಡರು. ಅದೇ ಸಂಕ್ರಮಣ ನೋಡಲು ಫ್ರಾನ್ಸಿನ ಲೆ ಜೆಂಟಿಲ್ ನಮ್ಮ ಪುದುಚೇರಿಯಲ್ಲಿ ಕಾದಿದ್ದರು, ಆ ಬೆಳಿಗ್ಗೆ ಮೋಡ ಮುಚ್ಚಿ ಏನೂ ಕಾಣಲಿಲ್ಲ. ಹೆಲ್ ಜೊತೆ ಬಂದಿದ್ದ ಯಾನೋಷ್ ಶಾಯ್ನೊವಿಚ್ ಇಲ್ಲಿಯ ಸಾಮಿ ಮಾತು ಕೇಳಿ ಅದಕ್ಕೂ ತನ್ನ ಹಂಗೇರಿಯನ್ ಭಾಷೆಗೂ ನಂಟಿದೆ ಎಂದು 1770ರಲ್ಲಿ ಬರೆದರು. ಮೂರನೆಯದು, 1893ರ ಜುಲೈನಲ್ಲಿ ನಾರ್ವೆಯ ಅನ್ವೇಷಕ ಫ್ರಿಟ್ಯೋಫ್ ನಾನ್ಸೆನ್ ಫ್ರಾಮ್ ಹಡಗಿನಲ್ಲಿ ಉತ್ತರ ಧ್ರುವದ ಕಡೆ ಹೊರಟಿದ್ದು ಇಲ್ಲಿಂದಲೇ. ಮೂರು ವರ್ಷ ಸುದ್ದಿಯೇ ಇಲ್ಲದೆ 1896ರ ಆಗಸ್ಟ್‌ನಲ್ಲಿ ಬಂದು ಬದುಕಿದ್ದೇನೆ ಎಂದು ತಂತಿ ಕಳಿಸಿದ್ದೂ ಇಲ್ಲಿಂದಲೇ.

ಈಗ ಸ್ಟೈಲ್‌ನೆಸೆಟ್. ಇದಕ್ಕೆ ಒಂದು ಇಡೀ ಮಧ್ಯಾಹ್ನ ಇಟ್ಟುಕೊಳ್ಳಿ, ಮತ್ತೆ ಬೇರೆ ಏನನ್ನೂ ಅದರ ಜೊತೆ ಸೇರಿಸಬೇಡಿ. ‘ನೆಸ್’ ಎಂದರೆ ಸಮುದ್ರಕ್ಕೆ ಚಾಚಿದ ನೆಲ. ‘ಸ್ಟೈಲೆ’ ಎಂದರೆ ಶಿಕ್ಷೆಯ ಚಕ್ರ, ಕೊಂದವರ ದೇಹವನ್ನು ಜನ ನೋಡಲಿ ಎಂದು ಕಟ್ಟಿಡುತ್ತಿದ್ದದ್ದು. 17ನೇ ಶತಮಾನದಲ್ಲಿ ಫಿನ್‌ಮಾರ್ಕ್‌ನಲ್ಲಿ ಸುಮಾರು 3 ಸಾವಿರ ಜನ ಇದ್ದರು. ಅಷ್ಟರಲ್ಲಿ 135 ಮಂದಿಯ ಮೇಲೆ ಮಾಟ ಮಾಡಿದ ಆರೋಪ ಬಂತು, 91 ಮಂದಿಯನ್ನು ಕೊಂದರು. 77 ಹೆಂಗಸರು, 14 ಗಂಡಸರು. ಶುರುವಾಗಿದ್ದು ಹೇಗೆ ಎಂದು ಕೇಳಿದರೆ ಉತ್ತರದಲ್ಲಿ ಮತ್ತೆ ಸಮುದ್ರವೇ ಬರುತ್ತದೆ. 1617ರ ಕ್ರಿಸ್‌ಮಸ್ ಹಿಂದಿನ ದಿನ ಎದ್ದ ಬಿರುಗಾಳಿಗೆ ವಾರ್ಡೊ ಮತ್ತು ಹತ್ತಿರದ ಕಿಬರ್ಗ್ ಹಳ್ಳಿಯ ಹತ್ತು ದೋಣಿ ಮುಳುಗಿ 40 ಗಂಡಸರು ಸತ್ತರು. ಅದೇ ವರ್ಷ, ಆಗ ಡೆನ್ಮಾರ್ಕ್ ಮತ್ತು ನಾರ್ವೆ ಎರಡನ್ನೂ ಆಳುತ್ತಿದ್ದ ರಾಜ ನಾಲ್ಕನೇ ಕ್ರಿಶ್ಚಿಯನ್ ಮಾಟದ ವಿರುದ್ಧ ಹೊಸ ಕಾನೂನು ಮಾಡಿದ್ದ. 1619ರಲ್ಲಿ ಸ್ಕಾಟ್ಲೆಂಡಿನ ಜಾನ್ ಕನ್ನಿಂಗ್‌ಹ್ಯಾಮ್ ಇಲ್ಲಿಗೆ ಅಧಿಕಾರಿಯಾಗಿ ಬಂದ. ಒಂದೆರಡು ವರ್ಷದಲ್ಲೇ ಹೆಂಗಸರನ್ನು ಹಿಡಿದರು, ನೀರಿಗೆ ಎಸೆದು ಪರೀಕ್ಷೆ ಮಾಡಿದರು: ತೇಲಿದರೆ ಅಪರಾಧಿ. ಆ ಗಾಳಿಯನ್ನು ಎಬ್ಬಿಸಿದ್ದು ನಾವೇ ಎಂದು ಅವರ ಬಾಯಿಂದ ಹೇಳಿಸಿದರು. ಹತ್ತಿರದ ಡೋಮೆನ್ ಗುಡ್ಡದ ಮೇಲೆ ಸೈತಾನನ ಜೊತೆ ಕುಣಿದೆವು ಎಂದು ಹೇಳಿಸಿದರು. 1662–63ರಲ್ಲಿ ಮಕ್ಕಳನ್ನೂ ಎಳೆದು ತಂದರು.

2011ರ ಜೂನ್ 23ರಂದು ಇಲ್ಲಿ ಸ್ಮಾರಕ ತೆರೆಯಿತು. ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿ ಪೀಟರ್ ಝುಮ್ಟೋರ್ ಕಟ್ಟಿದ್ದು 125 ಮೀಟರ್ ಉದ್ದದ ಕತ್ತಲ ಓಣಿ. ಮೀನು ಒಣಗಿಸುವ ಚಪ್ಪರದ ಹಾಗೆ ಮರದ ಚೌಕಟ್ಟು, ಅದರ ನಡುವೆ ತೂಗುವ ಬಟ್ಟೆಯ ಸುರಂಗ. ಒಳಗೆ 91 ಸಣ್ಣ ಕಿಟಕಿ, ಒಂದೊಂದಕ್ಕೂ ಒಂದು ದೀಪ, ಪಕ್ಕದಲ್ಲಿ ಒಬ್ಬೊಬ್ಬರ ಹೆಸರು ಮತ್ತು ವಿಚಾರಣೆಯ ವಿವರ. ಆ ಬರಹ ಸಿದ್ಧಪಡಿಸಿದವರು ಇತಿಹಾಸಕಾರ್ತಿ ಲಿವ್ ಹೆಲೆನೆ ವಿಲ್ಲುಮ್‌ಸೆನ್, ಕೋರ್ಟಿನ ಹಳೆಯ ದಾಖಲೆಗಳಿಂದ. ಅದು ನಾರ್ವೇಜಿಯನ್‌ನಲ್ಲಿದೆ, ಆದ್ದರಿಂದ ಅನುವಾದ ಕೈಯಲ್ಲಿಟ್ಟುಕೊಂಡು ಒಳಗೆ ಹೋಗಿ. ಓಡಿಕೊಂಡು ಹೋದರೆ ಎರಡು ನಿಮಿಷದ ಓಣಿ. ದಯವಿಟ್ಟು ಹಾಗೆ ಮಾಡಬೇಡಿ, ಕನಿಷ್ಠ ಹತ್ತು ಜನರ ಕಥೆಯನ್ನಾದರೂ ಪೂರ್ತಿ ಓದಿ. ಪಕ್ಕದ ಕಪ್ಪು ಗಾಜಿನ ಕೋಣೆಯಲ್ಲಿ ಕಲಾವಿದೆ ಲೂಯಿಸ್ ಬೂರ್ಜ್ವಾ ಮಾಡಿದ ಉರಿಯುವ ಕುರ್ಚಿ ಇದೆ, ಸುತ್ತ ಏಳು ಕನ್ನಡಿ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಹೆಸರುಗಳನ್ನು ಓದಿದ ಮೇಲೆ ಆ ಬೆಂಕಿ ಬೇರೆಯೇ ಆಗಿ ಕಾಣುತ್ತದೆ.

ಈ ಕಥೆಗೆ ಒಂದು ಸಾಮಿ ಬಾಲ ಇದೆ, ಅದನ್ನೂ ಸೇರಿಸಿಕೊಂಡು ಓದಿ. ಆಂಡರ್ಸ್ ಪೌಲ್ಸೆನ್ ಎಂಬ ಮುದುಕ, ಸಾಮಿ ಜನರ ಪವಿತ್ರ ಡೋಲು ಬಾರಿಸಿದ್ದಕ್ಕೆ 1692ರಲ್ಲಿ ವಿಚಾರಣೆಗೆ ಗುರಿಯಾದ. ತೀರ್ಪು ಬರುವ ಮೊದಲೇ ಬಂಧನದಲ್ಲಿ ಕೊಲೆಯಾದ. ಡೋಲು ಡೆನ್ಮಾರ್ಕಿನ ಪಾಲಾಯಿತು. 2022ರಲ್ಲಿ ಅದರ ಒಡೆತನ ಕಾರಾಶೋಕ್‌ನ ಸಾಮಿ ಮ್ಯೂಸಿಯಂಗೆ ಮರಳಿತು. 330 ವರ್ಷ!

ಮರುದಿನ ಮನಸ್ಸು ಹಗುರ ಮಾಡಿಕೊಳ್ಳಲು ಹೊರ್ನೊಯಾಗೆ ಹೋಗಿ. ಬಂದರಿನಿಂದ ದೋಣಿಯಲ್ಲಿ ಹತ್ತು ಹದಿನೈದು ನಿಮಿಷ. ಬಂಡೆಯ ಗೋಡೆ ತುಂಬ ಗಿಲಿಮಾಟ್, ಪಫಿನ್, ಕಿಟ್ಟಿವೇಕ್, ಹತ್ತಾರು ಸಾವಿರ ಹಕ್ಕಿಗಳು. ತುಂಬ ಹತ್ತಿರ ಬರುತ್ತವೆ, ದೊಡ್ಡ ಲೆನ್ಸ್ ಬೇಕಿಲ್ಲ. ಟೋಪಿ ಮತ್ತು ಒರೆಸಿದರೆ ಹೋಗುವ ಜಾಕೆಟ್ ಬೇಕೇ ಬೇಕು, ಮೇಲಿನಿಂದ ಹಿಕ್ಕೆ ಬೀಳುತ್ತಲೇ ಇರುತ್ತದೆ. 1983ರಿಂದ ಇದು ಸಂರಕ್ಷಿತ ಜಾಗ, ಗುರುತು ಮಾಡಿದ ದಾರಿ ಬಿಡಬೇಡಿ. ತುದಿಯ ದೀಪಸ್ತಂಭ 1896ರದ್ದು.

ವಾಹನ ಇದ್ದರೆ ಕಿಬರ್ಗ್‌ಗೂ ಹೋಗಿ, ಇದೇ ಕೊಮ್ಯೂನೆಯ ಹಳ್ಳಿ. 1940ರಲ್ಲಿ ಜರ್ಮನ್ನರು ನಾರ್ವೆಯನ್ನು ಹಿಡಿದಾಗ ಇಲ್ಲಿಯ ಹಲವರು ದೋಣಿಯಲ್ಲಿ ಸೋವಿಯತ್ ಕಡೆಗೆ ದಾಟಿದರು. ಹಿಟ್ಟಿನ ಕಾಲದಿಂದಲೂ ಗೊತ್ತಿದ್ದ ನೀರೇ ಅಲ್ವಾ. ತರಬೇತಿ ಪಡೆದು ರೇಡಿಯೋ ಹೊತ್ತು ರಹಸ್ಯವಾಗಿ ವಾಪಸ್ ಬಂದು, ಬಂಡೆಗಳ ಸಂದಿನಲ್ಲಿ ಅಡಗಿ ಜರ್ಮನ್ ಹಡಗುಗಳ ಸುದ್ದಿ ಕಳಿಸುತ್ತಿದ್ದರು. ಎಷ್ಟೋ ಜನ ಸಿಕ್ಕಿಬಿದ್ದು ಸತ್ತರು. ಬದುಕಿ ಉಳಿದವರನ್ನು ಶೀತಲ ಸಮರದ ಕಾಲದಲ್ಲಿ ಅವರದೇ ದೇಶ ರಷ್ಯಾದ ಬೇಹುಗಾರರೋ ಎಂಬ ಅನುಮಾನದಿಂದ ನೋಡಿತು. 1992ರಲ್ಲಿ ರಾಜ ಐದನೇ ಹರಾಲ್ಡ್ ಕಿಬರ್ಗ್‌ಗೆ ಬಂದು ಅವರನ್ನು ಗೌರವಿಸಿದರು. ಹೀಗೆ ಗುಟ್ಟಾಗಿ ಹೋರಾಡಿದವರನ್ನು ಪಾರ್ಟಿಸಾನ್ ಎನ್ನುತ್ತಾರೆ, ಅಲ್ಲಿ ಪಾರ್ಟಿಸಾನ್ ಮ್ಯೂಸಿಯಂ ಇದೆ. ಚಿಕ್ಕದು, ಆದರೆ ತಪ್ಪಿಸಿಕೊಳ್ಳಬೇಡಿ.

ವಾರ್ಡೊ ಊರು ಆ ಯುದ್ಧದಲ್ಲಿ ಬಾಂಬಿಗೂ ಬೆಂಕಿಗೂ ಸಿಕ್ಕಿ ಮೂರರಲ್ಲಿ ಎರಡು ಪಾಲು ನಾಶವಾಯಿತು. ಹಾಗಾಗಿ ಬೀದಿಯಲ್ಲಿ ಮನೆಗಳ ವಯಸ್ಸು ಊಹಿಸುತ್ತಾ ನಡೆಯಿರಿ. ಒಂದೇ ಥರದ ಸರಳ ಮರದ ಮನೆಗಳು ಯುದ್ಧದ ನಂತರದವು. ನಡುವೆ ಹಳೆಯದೊಂದು ಕಂಡರೆ ಅದು ಉಳಿದು ಬಂದದ್ದು. ಖಾಲಿ ಬಿದ್ದ ಮನೆಗಳೂ ಇವೆ. 1980ರ ದಶಕದ ಕೊನೆಗೆ ಬಾರೆಂಟ್ಸ್ ಸಮುದ್ರದಲ್ಲಿ ಕ್ಯಾಪೆಲಿನ್ ಎಂಬ ಸಣ್ಣ ಮೀನು ಕುಸಿಯಿತು, ಅದನ್ನು ತಿನ್ನುವ ಕಾಡ್ ಮೀನೂ ಸೊರಗಿತು, ಆಮೇಲೆ ಹಿಡಿಯುವ ಮೀನಿಗೆ ಕಟ್ಟುನಿಟ್ಟಿನ ಮಿತಿ ಬಂತು. ಕಾರ್ಖಾನೆ ಮುಚ್ಚಿದಂತೆ ಜನ ಹೋದರು. ಈ ಕರಾವಳಿಯ ಮೀನು ಕಾರ್ಖಾನೆಗಳಲ್ಲಿ ಶ್ರೀಲಂಕಾದ ತಮಿಳರೂ ದುಡಿದಿದ್ದಾರೆ. 2012ರಲ್ಲಿ ಬೇರೆ ಬೇರೆ ದೇಶಗಳ ಬೀದಿ ಕಲಾವಿದರು ಬಂದು ಖಾಲಿ ಗೋಡೆಗಳ ಮೇಲೆ ಚಿತ್ರ ಬರೆದರು, ಈಗಲೂ ಕೆಲವು ಉಳಿದಿವೆ.

ಗುಡ್ಡದ ಮೇಲೆ ಬಿಳಿ ಗೋಲಗಳು ಕಾಣುತ್ತವೆ. ಅದು ಗ್ಲೋಬಸ್ ರಡಾರ್, ನಾರ್ವೆಯ ಗುಪ್ತಚರ ಇಲಾಖೆಯದು. ಬೇಲಿಯ ಹತ್ತಿರ ಹೋಗಬೇಡಿ, ಡ್ರೋನ್ ಹಾರಿಸಬೇಡಿ, ಫಲಕ ಓದಿ ಪಾಲಿಸಿ. 1300ರ ಆಸುಪಾಸಿನಲ್ಲಿ ಕೋಟೆ ಪೂರ್ವಕ್ಕೆ ನೋಡುತ್ತಿತ್ತು, ಈಗ ಇದು ನೋಡುತ್ತಿದೆ.

ಹಾಮ್ನಿಂಗ್‌ಬರ್ಗ್ ಪಕ್ಕದ ಬೊಟ್ಸ್‌ಫ್ಯೋರ್ಡ್ ಕೊಮ್ಯೂನೆಗೆ ಸೇರಿದ್ದಾದರೂ ದಾರಿ ಇರುವುದು ವಾರ್ಡೊ ಕಡೆಯಿಂದ, ಸುಮಾರು 40 ಕಿ.ಮೀ., ಚಳಿಗಾಲದಲ್ಲಿ ಮುಚ್ಚಿರುತ್ತದೆ. ನೆಟ್ಟಗೆ ನಿಂತ ಬಂಡೆಗಳ ನಡುವಿನ ರಸ್ತೆ. 1944ರಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ನರು ಹಚ್ಚಿದ ಬೆಂಕಿಯಿಂದ ತಪ್ಪಿಸಿಕೊಂಡ ಹಳೆಯ ಮನೆಗಳು ಅಲ್ಲಿ ಹಾಗೇ ನಿಂತಿವೆ. 1960ರ ದಶಕದಲ್ಲಿ ಜನ ಬಿಟ್ಟು ಹೋದರು. ಯುದ್ಧಕ್ಕೆ ಮೊದಲು ಈ ಕರಾವಳಿ ಹೇಗಿತ್ತು ಎಂದು ನೋಡಲು ಅದೇ ಜಾಗ. ಪೆಟ್ರೋಲು, ಊಟ ಎರಡನ್ನೂ ವಾರ್ಡೊದಲ್ಲೇ ಮುಗಿಸಿಕೊಂಡು ಹೊರಡಿ.

ಹೋಗಲು ಆಗದವರು, ನಮ್ಮಲ್ಲಿ ಹೆಚ್ಚಿನವರು ಅವರೇ ತಾನೇ, ಮನೆಯಲ್ಲೇ ಒಂದು ಕೆಲಸ ಮಾಡಬಹುದು. ಹಡಗುಗಳ ಸಂಚಾರ ತೋರಿಸುವ ಯಾವುದಾದರೂ ಉಚಿತ ನಕ್ಷೆ ತೆರೆದು ಬಾರೆಂಟ್ಸ್ ಸಮುದ್ರಕ್ಕೆ ಹೋಗಿ, ಒಂದು ವಾರ ದಿನಾ ಐದು ನಿಮಿಷ ನೋಡಿ. ಮುರ್ಮನ್ಸ್ಕ್‌ನಿಂದ ಹೊರಟ ಟ್ಯಾಂಕರ್, ಕಾಡ್ ಹಿಡಿಯುವ ದೋಣಿ, ಕರಾವಳಿಯ ಹಡಗು, ಒಂದೊಂದರ ದಾರಿಯನ್ನೂ ಕಾಗದದ ಮೇಲೆ ಗೀಟು ಎಳೆದುಕೊಳ್ಳಿ. ನಾರ್ವೆಯ ಉದ್ದನೆಯ ಕರಾವಳಿಯಲ್ಲಿ ಟ್ಯಾಂಕರ್‌ಗಳ ಮೇಲೆ ಕಣ್ಣಿಡುವ ಕಚೇರಿ 2007ರಿಂದ ಇರುವುದು ವಾರ್ಡೊದಲ್ಲಿ. ವಾರದ ಕೊನೆಗೆ ನಿಮ್ಮ ಗೀಟುಗಳು ಎಲ್ಲಿ ಒತ್ತಾಗಿ ಹಾದು ಹೋಗಿವೆ ಎಂದು ನೋಡಿ.